ಘಟ್ಟದ ಮಕ್ಕಳು ಕಂಡ ಬಂದರು

ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿರುವ ಅತ್ತಿಗುಂಡಿಯಲ್ಲಿ ಮಳೆ ಹಿಡಿಯುವ ಮೊದಲು ಮಾಡಿನ ಹೆಂಚು ನೋಡಿಸಿಕೊಳ್ಳದಿದ್ದರೆ ಮುಂದಿನ ನಾಲ್ಕು ತಿಂಗಳು ಮನೆಯೊಳಗೆ ಅಲ್ಲಲ್ಲಿ ಪಾತ್ರೆ ಇಟ್ಟುಕೊಂಡು ಕೂರಬೇಕಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿನ ನೆಂಟರ ಮನೆಗೆ ಹೋಗಿದ್ದಾಗ ಆ ಕೆಲಸವೇ ನಡೆದಿತ್ತು. ಅಂಗಳದಲ್ಲಿ ಬೋರಲು ಬಿದ್ದಿದ್ದ ಹಳೆಯ ಹೆಂಚೊಂದರ ಪಾಚಿ ಕೆರೆದು, ಅದರ ಮೇಲೆ ಒತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ಮನೆಯ ಹುಡುಗಿ ಒಂದೊಂದಾಗಿ ಓದಿದಳು: ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’. ಏಳನೆಯ ತರಗತಿಯ ಹುಡುಗಿ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದವನು ತೋಟದ ಲೈನು ಮನೆಯ ಹುಡುಗ, ಅವಳಿಗಿಂತ ಒಂದು ವರ್ಷ ಚಿಕ್ಕವನು.

“ದೊಡ್ಡಪ್ಪಾ, ಬಾಸೆಲ್ ಅಂದ್ರೆ ಎಲ್ಲಿ?”

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಆ ದೇಶಕ್ಕೆ ಸಮುದ್ರವೇ ಇಲ್ಲ. ಆದರೆ ಹೆಂಚು ಬಂದದ್ದು ಸಮುದ್ರದಂಡೆಯ ಮಂಗಳೂರಿನಿಂದ ಎಂದು ಹೇಳಿದೆ. 1865 ಎಂಬುದು ಕಾರ್ಖಾನೆ ಶುರುವಾದ ವರ್ಷವೇ ಹೊರತು ಈ ಹೆಂಚು ಸುಟ್ಟ ವರ್ಷವಲ್ಲ ಎಂದೂ ಸೇರಿಸಿದೆ. ನನ್ನ ವಿವರಣೆಯಿಂದ ನನಗೇ ಸಮಾಧಾನವಾಗಿತ್ತು. ಆದರೆ ಹುಡುಗ ಕೇಳಿದ ಪ್ರಶ್ನೆಗೆ ನಾನು ಸಿದ್ಧನಾಗಿರಲಿಲ್ಲ. “ಇಷ್ಟು ಭಾರದ್ದನ್ನ ಅಲ್ಲಿಂದ ಇಲ್ಲಿಗೆ ಯಾರು ಹೊತ್ತು ತಂದ್ರು?”

ಈ ಪ್ರಶ್ನೆಯೇ ದಸರಾ ರಜೆಯಲ್ಲಿ ನಮ್ಮನ್ನು ಮಂಗಳೂರಿಗೆ ಕರೆದೊಯ್ದಿತು.

ಮಕ್ಕಳನ್ನು ಹಳೆಯ ಊರಿಗೆ ಕರೆದೊಯ್ಯುವವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ನಾನೂ ಮಾಡಿದ್ದೇನೆ. ಪ್ರವಾಸಿ ಪುಸ್ತಕದ ಪಟ್ಟಿ ಹಿಡಿದು ಕೋಟೆ, ದೇವಸ್ಥಾನ, ಇಗರ್ಜಿ, ಉದ್ಯಾನವನ ಎಂದು ಒಂದರ ಹಿಂದೊಂದರಂತೆ ತೋರಿಸುತ್ತೇವೆ. ನಾಲ್ಕನೆಯ ಜಾಗಕ್ಕೆ ಬರುವ ಹೊತ್ತಿಗೆ ಮಕ್ಕಳು ಐಸ್‌ಕ್ರೀಮ್ ಅಂಗಡಿಯ ಕಡೆ ನೋಡತೊಡಗುತ್ತವೆ. ದೊಡ್ಡವರಿಗೆ ಕೋಪ ಬರುತ್ತದೆ. ತಪ್ಪು ಮಕ್ಕಳದಲ್ಲ. ಯಾವ ಇಸವಿಯಲ್ಲಿ ಯಾರು ಕಟ್ಟಿಸಿದರು ಎಂಬುದು ಅವರ ಮನೆಯ ಯಾವ ವಸ್ತುವಿಗೂ ತಾಗದೆ ಗಾಳಿಯಲ್ಲಿ ನಿಂತಿರುತ್ತದೆ. ಕಾಫಿ ಸೀಮೆಯ ಮಕ್ಕಳ ಮಟ್ಟಿಗಾದರೂ ಈ ಕಷ್ಟವಿರಬಾರದು. ಮಂಗಳೂರೆಂದರೆ ಅವರ ಮನೆಯದೇ ಇನ್ನೊಂದು ತುದಿ. ತಲೆಯ ಮೇಲಿನ ಹೆಂಚು ಅಲ್ಲಿಂದ ಹತ್ತಿ ಬಂದದ್ದು. ಕಣದಲ್ಲಿ ಒಣಗುವ ಕಾಫಿ ಬಹುಕಾಲ ಅಲ್ಲಿಗೇ ಇಳಿದು ಹೋದದ್ದು. ಅಡಿಗೆಮನೆಯ ಉಪ್ಪು, ಒಣಮೀನು ಕೂಡ ಅದೇ ದಾರಿಯವು. ಆದ್ದರಿಂದ ಈ ಸಲ ಪಟ್ಟಿಯನ್ನು ಬದಿಗಿಟ್ಟು ಕಾಫಿ ಮೂಟೆ ಹೋದ ದಾರಿಯಲ್ಲೇ ಹೋಗುವುದೆಂದು ಗೊತ್ತುಮಾಡಿಕೊಂಡೆ.

ಮೂಟೆಯ ಕಥೆ ಶುರುವಾಗುವುದು ಅತ್ತಿಗುಂಡಿಯ ನೆತ್ತಿಯ ಮೇಲೆಯೇ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಹಜ್ ಯಾತ್ರೆಯಿಂದ ಮರಳುವಾಗ ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಬಚ್ಚಿಟ್ಟುಕೊಂಡು ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಐತಿಹ್ಯ. ಬಿತ್ತಲು ಬರುವ ಹಸಿ ಬೀಜ ಹೊರಗೆ ಹೋಗದಂತೆ ಅರಬರು ಎಚ್ಚರ ವಹಿಸುತ್ತಿದ್ದ ಕಾಲ ಅದು. ಆಮೇಲೆ ಬಹುಕಾಲ ಕಾಫಿ ಹಿತ್ತಿಲ ಗಿಡವಾಗಿಯೇ ಉಳಿಯಿತು. 1830ರ ಸುಮಾರಿಗೆ ಗಿರಿಸಾಲಿನ ದಕ್ಷಿಣಕ್ಕೆ ಕ್ಯಾನನ್ ಎಂಬ ಯುರೋಪಿಯನ್ ದೊಡ್ಡ ಪ್ರಮಾಣದಲ್ಲಿ ತೋಟ ಮಾಡಿದ ಮೇಲೆ ಬೆಳೆ ಮಾರುಕಟ್ಟೆಯ ಸರಕಾಯಿತು. ಸರಕಾದ ಕೂಡಲೇ ಅದಕ್ಕೆ ಬಂದರು ಬೇಕಾಯಿತು.

ಘಟ್ಟ ಇಳಿಯುವ ದಾರಿ ಕಾಫಿಗಾಗಿ ಹುಟ್ಟಿದ್ದೇನೂ ಅಲ್ಲ. ಅದಕ್ಕಿಂತ ಬಹಳ ಮೊದಲೇ ಹೇರೆತ್ತುಗಳ ಸಾಲು ಮೇಲಿನ ಸೀಮೆಯ ಧಾನ್ಯ, ಅಡಿಕೆ, ಮೆಣಸು ಹೊತ್ತು ಇಳಿಯುತ್ತಿತ್ತು. ಬರುವಾಗ ಉಪ್ಪು ಹೊತ್ತು ಏರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದಲ್ಲಿ ಗಾಡಿ ರಸ್ತೆಗಳಾದವು. ಎತ್ತಿನ ಬೆನ್ನಿನ ಹೇರು ಗಾಡಿಗೆ ಬಂತು. ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರು: ಹೆಂಚನ್ನು ಹೊತ್ತವು ಮೊದಲು ಎತ್ತುಗಳು, ಆಮೇಲೆ ಲಾರಿಗಳು. ಆದರೆ ಗಾಡಿಗೆ ಹೇರಿದವರು, ಇಳಿಸಿದವರು, ಮಾಡಿಗೆ ಏರಿಸಿದವರು ಮನುಷ್ಯರೇ. ಅವರಲ್ಲಿ ಅನೇಕರು ದಕ್ಷಿಣ ಕನ್ನಡದವರು. ಕೆಳಗೆ ಭತ್ತದ ಕೊಯಿಲು ಮುಗಿದ ಮೇಲೆ ಮೇಸ್ತ್ರಿಯಿಂದ ಮುಂಗಡ ಪಡೆದು, ಗಂಟು ಹೊತ್ತು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಘಟ್ಟ ಹತ್ತಿ ತೋಟಕ್ಕೆ ಬರುತ್ತಿದ್ದರು. ಮಲೇರಿಯಾ ಜ್ವರಕ್ಕೆ ಅನೇಕರು ಮೇಲೆಯೇ ಮಣ್ಣಾದರು. ಮುಂಗಡ ತೀರದೆ ಅನೇಕರು ಮೇಲೆಯೇ ಉಳಿದರು. ನಮ್ಮ ಲೈನು ಮನೆಯ ಹುಡುಗನ ಅಜ್ಜಿ ಹಾಗೆ ಬೆಳ್ತಂಗಡಿ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಬಂದವರು. ಮನೆಯಲ್ಲಿ ಈಗಲೂ ತುಳುವೇ. ಇದೇ ಲೈನುಗಳಿಗೆ ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ ಎಂಬುದು ಬೇರೆ ಮಾತು.

ಅತ್ತಿಗುಂಡಿಯಿಂದ ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಮಂಗಳೂರು ಸೇರುವುದಕ್ಕೆ ಮಕ್ಕಳ ಜೊತೆಯಲ್ಲಿ ಆರು ಗಂಟೆಯಾದರೂ ಬೇಕು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿಸಿಕೊಂಡೇ ಇಳಿಯಬೇಕೆಂಬುದು ಅನುಭವಿಗಳ ಮಾತು; ತಿಂದು ಇಳಿದರೆ ಏನಾಗುತ್ತದೆಂಬುದು ಹೇರ್‌ಪಿನ್ ತಿರುವುಗಳಲ್ಲಿ ಕಲಿತ ಪಾಠ. ಎರಡು ಕಡೆ ಗಾಡಿ ನಿಲ್ಲಿಸಬೇಕಾಯಿತು. ಮಳೆಗಾಲ ಮುಗಿದು ಹೆಚ್ಚು ದಿನವಾಗಿರಲಿಲ್ಲವಾಗಿ ಬಂಡೆಗಳಿಂದ ನೀರು ಇನ್ನೂ ಇಳಿಯುತ್ತಿತ್ತು. ಈ ರಸ್ತೆಯಲ್ಲಿ ಇಳಿಯುತ್ತಿದ್ದ ಗಾಡಿಗಳಿಗೆ ಚಕ್ರ ತಡೆಯಲು ಏನು ಮಾಡುತ್ತಿದ್ದರು, ರಾತ್ರಿ ಹುಲಿಯ ಭಯಕ್ಕೆ ಎಲ್ಲಿ ಬೆಂಕಿ ಹಾಕಿಕೊಳ್ಳುತ್ತಿದ್ದರು ಎಂದು ಮಕ್ಕಳೇ ತಮ್ಮತಮ್ಮಲ್ಲಿ ಚರ್ಚೆ ಮಾಡಿಕೊಂಡರು. ನಾನು ಸುಮ್ಮನಿದ್ದೆ. ಇತಿಹಾಸ ಹೇಳುವವರು ನಡುನಡುವೆ ಸುಮ್ಮನಿರುವುದೂ ಅಗತ್ಯ.

ಬಂಟ್ವಾಳದಲ್ಲಿ ಇಳಿಯಲೇಬೇಕು. ಮಂಗಳೂರಿಗೆ ಅವಸರಪಡುವವರು ಇದನ್ನು ಬಿಟ್ಟು ಹೋಗುತ್ತಾರೆ. ಒಂದು ಕಾಲಕ್ಕೆ ಮೈಸೂರು ಸೀಮೆಯಿಂದ ಬಂದ ಸರಕು ಇಲ್ಲಿ ಗಾಡಿಯಿಂದಿಳಿದು ದೋಣಿ ಹತ್ತುತ್ತಿತ್ತು. ನೇತ್ರಾವತಿಯೇ ಇಲ್ಲಿಂದ ಮುಂದಿನ ರಸ್ತೆ. ನದಿಯ ಹರಿವಿನೊಡನೆ ಕಾಫಿ ಮೂಟೆ ಮಂಗಳೂರಿನ ಬಂದರಿಗೆ ತೇಲಿ ಹೋಗುತ್ತಿತ್ತು. ಅಲ್ಲೇ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯವಿದೆ. ನೊಗ, ಸೇರು, ಪಾವು, ಮೀನಿನ ಬುಟ್ಟಿ, ದೀಪ, ತೊಟ್ಟಿಲು ಇಂಥ ಮನೆಬಳಕೆಯ ಹಳೆಯ ವಸ್ತುಗಳ ಲೋಕ. ಇಲ್ಲಿ ಮಕ್ಕಳಿಗೆ ಬೇಸರವಾಗಲಿಲ್ಲ. “ಇದು ನಮ್ಮನೆ ಅಟ್ಟದಲ್ಲೂ ಉಂಟು” ಎನ್ನುವ ಸಂತೋಷಕ್ಕೆ ಸಮನಾದ ಸಂತೋಷ ಮ್ಯೂಸಿಯಮ್ಮಿನಲ್ಲಿ ಬೇರೆ ಇಲ್ಲ.

ಮಂಗಳೂರಿನಲ್ಲಿ ನಾವು ಮೊದಲು ಹೋದದ್ದು ಹಳೇ ಬಂದರಿಗೆ. ಮೀನಿನ ವಾಸನೆಗೆ ಹುಡುಗಿ ಮೂಗು ಮುಚ್ಚಿಕೊಂಡಳು. ನೇತ್ರಾವತಿ ಮತ್ತು ಗುರುಪುರ ನದಿಗಳು ಬಂದು ಸೇರುವ ಅಳಿವೆಯ ಊರು ಇದು. 1342ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಇದನ್ನು ಮಂಜರೂರ್ ಎಂದು ಕರೆದಿದ್ದಾನೆ. ಮಲಬಾರ್ ಸೀಮೆಯಲ್ಲೇ ಇಷ್ಟು ದೊಡ್ಡ ಅಳಿವೆ ಬೇರೆ ಇಲ್ಲವೆಂದೂ, ಪರ್ಷಿಯಾ ಮತ್ತು ಯೆಮನ್ ದೇಶಗಳ ವ್ಯಾಪಾರಿಗಳು ಬಂದಿಳಿಯುವುದು ಇಲ್ಲೇ ಎಂದೂ, ಮೆಣಸು ಮತ್ತು ಶುಂಠಿ ಹೇರಳವೆಂದೂ ಬರೆದಿದ್ದಾನೆ. ಯೆಮನ್ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಹುಡುಗಿ ತಲೆಯೆತ್ತಿದಳು. “ಕಾಫಿ ಬಂದ ಊರು!” ಗಿರಿಯ ಮೇಲೆ ಏಳು ಬೀಜ ಬೀಳುವುದಕ್ಕೆ ಮುನ್ನೂರು ವರ್ಷ ಮೊದಲೇ ಆ ದೇಶದವರಿಗೆ ನಮ್ಮ ಕರಾವಳಿ ನೆರೆಮನೆಯಂತಿತ್ತು. ಹಾಗೆ ನೋಡಿದರೆ ಏಳು ಬೀಜದ ಕಥೆಯಲ್ಲಿ ಸಾಹಸಕ್ಕಿಂತ ಸಹಜತೆಯೇ ಹೆಚ್ಚು ಎಂದು ನನಗನಿಸುತ್ತದೆ.

ಈ ಬಂದರಿಗೆ ಒಂದು ಕೊರತೆ. ಅಳಿವೆಯ ಬಾಯಲ್ಲಿ ಮರಳು ತುಂಬುವುದರಿಂದ ದೊಡ್ಡ ಹಡಗು ಒಳಗೆ ಬರಲಾರದು. ಹಡಗು ಕಡಲಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು. ದಡದಿಂದ ದೋಣಿಗಳಲ್ಲಿ ಮೂಟೆ ಸಾಗಿಸಿ ಹಡಗಿಗೆ ಏರಿಸುತ್ತಿದ್ದರು. ಮಳೆಗಾಲದಲ್ಲಿ ಅದೂ ಇಲ್ಲ, ಬಂದರೇ ಮುಚ್ಚುತ್ತಿತ್ತು. ಇಂದಿಗೂ ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಕಟ್ಟಡ ಸಾಮಗ್ರಿ ಒಯ್ಯುವ ಮಂಜಿಗಳನ್ನು ಇಲ್ಲಿ ನೋಡಬಹುದು. ಮಂಜಿಯ ಹೊಟ್ಟೆಯೊಳಗೆ ಮೂಟೆಗಳು ಕೈಯಿಂದ ಕೈಗೆ ಇಳಿಯುವುದನ್ನು ಮಕ್ಕಳು ಅರ್ಧ ಗಂಟೆ ನಿಂತು ನೋಡಿದರು. ಯಾವ ಮ್ಯೂಸಿಯಮ್ಮೂ ಇದನ್ನು ತೋರಿಸಲಾರದು, ಇದಕ್ಕೆ ಟಿಕೆಟ್ಟೂ ಇಲ್ಲ.

ಕಾಫಿ ಬಂದರಿಗೆ ಬಂದ ಕೂಡಲೇ ಹಡಗು ಹತ್ತುತ್ತಿರಲಿಲ್ಲ. ಮಲೆನಾಡಿನ ತೇವದಲ್ಲಿ ಬೀಜ ಪೂರ್ತಿ ಒಣಗುವುದು ಕಷ್ಟ. ಕರಾವಳಿಯ ಬಿಸಿಲಿನಲ್ಲಿ ಮತ್ತೊಮ್ಮೆ ಒಣಗಿಸಿ, ಸಿಪ್ಪೆ ತೆಗೆದು, ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದು, ಕಪ್ಪು ಬೀಜ, ಒಡೆದ ಬೀಜ ಹೆಕ್ಕಿ ಚೀಲಕ್ಕೆ ತುಂಬುವ ಕೆಲಸಕ್ಕೆ ಇಲ್ಲಿ ಕಾಫಿ ವರ್ಕ್ಸ್‌ಗಳು ಎದ್ದವು. ಇಂಥ ವ್ಯಾಪಾರದ ಹೆಸರಾಂತ ಪೀರ್ಸ್ ಲೆಸ್ಲಿ ಕಂಪನಿ 1862ರಲ್ಲಿ ಕಲ್ಲಿಕೋಟೆಯಲ್ಲಿ ಶುರುವಾಗಿ ಇಲ್ಲಿಗೂ ಬಂತು. ಬೀಜ ಹೆಕ್ಕುವ ಕೆಲಸ ಹೆಂಗಸರದು. ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಕೈಯಾಡಿಸುತ್ತಿದ್ದ ಸಾವಿರಾರು ಹೆಂಗಸರ ಹೆಸರು ಯಾವ ಚೀಲದ ಮೇಲೂ ಇರಲಿಲ್ಲ. ಈಗ ಈ ಕೆಲಸದ ಬಹುಪಾಲು ಚಿಕ್ಕಮಗಳೂರು, ಹಾಸನಗಳಲ್ಲೇ, ಅದೂ ಯಂತ್ರಗಳಿಂದ, ನಡೆಯುತ್ತದೆ.

ಆದರೆ ಒಂದು ಕೆಲಸ ಮಾತ್ರ ಕರಾವಳಿಯಲ್ಲೇ ಆಗಬೇಕು. ಪರಿಚಿತರೊಬ್ಬರ ಮೂಲಕ ಅಂಥ ಗೋದಾಮೊಂದರ ಒಳಗೆ ಹೋಗಲು ನಮಗೆ ಅನುಮತಿ ಸಿಕ್ಕಿತ್ತು. ಹಾಯಿ ಹಡಗುಗಳ ಕಾಲದಲ್ಲಿ ಕಾಫಿ ಆಫ್ರಿಕಾದ ತುದಿಯ ಗುಡ್‌ಹೋಪ್ ಭೂಶಿರ ಸುತ್ತಿ ಯುರೋಪು ಸೇರಲು ಆರು ತಿಂಗಳಷ್ಟು ಹಿಡಿಯುತ್ತಿತ್ತು. ಅಷ್ಟು ದಿನ ಮರದ ಹಡಗಿನ ತೇವದ ಹೊಟ್ಟೆಯಲ್ಲಿದ್ದ ಹಸಿರು ಬೀಜ ಊದಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಂಡು ಬೇರೆಯದೇ ರುಚಿ ಪಡೆಯುತ್ತಿತ್ತು. ಕೆಟ್ಟ ಕಾಫಿ ಎಂದು ಯಾರೂ ಅನ್ನಲಿಲ್ಲ. ಯುರೋಪಿನವರು, ಅದರಲ್ಲೂ ಉತ್ತರದ ದೇಶಗಳವರು, ಅದನ್ನೇ ಮೆಚ್ಚಿಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು, ಪ್ರಯಾಣ ಕೆಲವೇ ವಾರಗಳಿಗೆ ಇಳಿಯಿತು. ಕಾಫಿ ಹಸಿರಾಗಿಯೇ ಹೋಗಿ ತಲುಪಿತು. ಕೊಳ್ಳುವವರಿಗೆ ಸಮಾಧಾನವಿಲ್ಲ, ಹಳೆಯ ರುಚಿ ಎಲ್ಲಿ ಎಂದರು! ಆಗ ಕರಾವಳಿಯ ವ್ಯಾಪಾರಿಗಳು ಹಡಗಿನ ಕೆಲಸವನ್ನು ಮಳೆಗಾಲದ ಗಾಳಿಯಿಂದ ಮಾಡಿಸತೊಡಗಿದರು. ಜೂನ್ ತಿಂಗಳಿನಿಂದ ಬದಿಗೋಡೆಯಿಲ್ಲದ ಗೋದಾಮಿನ ನೆಲದ ಮೇಲೆ ಬೀಜ ಹರಡಿ, ಆಗಾಗ ಕೆದರಿ, ಆಮೇಲೆ ಸಡಿಲವಾಗಿ ಚೀಲಕ್ಕೆ ತುಂಬಿ, ಸಾಲು ಸಾಲಿನ ನಡುವೆ ಕಡಲ ಗಾಳಿ ಆಡುವಂತೆ ಜೋಡಿಸಿ, ಮೂರು ನಾಲ್ಕು ತಿಂಗಳು ಕಾಯುತ್ತಾರೆ. ಇದೇ ‘ಮಾನ್ಸೂನ್ಡ್ ಮಲಬಾರ್’. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬಾಬಾಬುಡನ್‌ಗಿರಿಯ ಅರೇಬಿಕಾಗೂ 2019ರಲ್ಲಿ ಆ ಮಾನ್ಯತೆ ಬಂತು.

ಹುಡುಗ ಒಂದು ಬೀಜ ಅಂಗೈಯಲ್ಲಿಟ್ಟು ನೋಡಿದ. ಮನೆಯಲ್ಲಿ ನೋಡುವುದಕ್ಕಿಂತ ದಪ್ಪ, ಬಣ್ಣ ಒಣಹುಲ್ಲಿನಂತೆ. “ಮಳೆಗೆ ನೆನೆದ್ರೆ ಅಲ್ಲಿ ಮೇಸ್ತ್ರಿ ಬೈತಾರೆ. ಇಲ್ಲಿ ಬೇಕಂತಲೇ ಹೀಗೆ ಮಾಡ್ತಾರಾ?” ಗೋದಾಮಿನವರು ನಕ್ಕು, “ಇದಕ್ಕೆ ನೀರು ತಾಗಬಾರದು ಮಗಾ, ಗಾಳಿ ಮಾತ್ರ” ಎಂದರು. ಯಾವ ಅಧ್ಯಾಪಕರೂ ಸೂಯೆಜ್ ಕಾಲುವೆಯನ್ನು ಇದಕ್ಕಿಂತ ಚೆನ್ನಾಗಿ ಕಲಿಸಲಾರರೆಂದು ನನ್ನ ನಂಬಿಕೆ.

ಯುರೋಪಿನ ಮಾತು ಬಂದಾಗ ಮಕ್ಕಳಿಗೆ ಹೇಳಲೆಂದೇ ಇಟ್ಟುಕೊಂಡಿದ್ದ ಮನುಷ್ಯನೊಬ್ಬನಿದ್ದಾನೆ: ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. 1614ರಲ್ಲಿ ವೆನಿಸ್ ಬಂದರಿನಿಂದ ಹೊರಟ ಈತ ಹನ್ನೆರಡು ವರ್ಷ ಊರಿಗೆ ಮರಳಲಿಲ್ಲ. 1615ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ ತುರ್ಕರು ಬಿಸಿಬಿಸಿಯಾಗಿ ಗುಟುಕರಿಸುವ ಕಪ್ಪು ಪಾನೀಯವೊಂದನ್ನು ಬಣ್ಣಿಸಿ, ಊರಿಗೆ ಬರುವಾಗ ಸ್ವಲ್ಪ ತರುತ್ತೇನೆಂದು ಮಾತು ಕೊಡುತ್ತಾನೆ. ಆಗಿನ್ನೂ ವೆನಿಸಿನಲ್ಲಿ ಕಾಫಿ ಅಂಗಡಿಗಳಿರಲಿಲ್ಲ. ಇಂದಿಗೂ ಪ್ರವಾಸಿಗರು ಹುಡುಕಿಕೊಂಡು ಹೋಗುವ ಅಲ್ಲಿನ ಫ್ಲೋರಿಯನ್ ಕಾಫಿ ಗೃಹ ತೆರೆದದ್ದು 1720ರಲ್ಲಿ. ಇಂದು ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿಯೂ ಒಂದು.

ಅದೇ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಇಕ್ಕೇರಿಗೆ, ಅಲ್ಲಿಂದ ಮಂಗಳೂರಿಗೆ ಬಂದ. ಪೋರ್ತುಗೀಜರು 1526ರಲ್ಲೇ ಮಂಗಳೂರನ್ನು ಹಿಡಿದಿದ್ದರು, 1568ರಲ್ಲಿ ಕೋಟೆ ಕಟ್ಟಿದ್ದರು. ಗೋವೆಯ ಹೊಟ್ಟೆ ತುಂಬಲು ಅವರಿಗೆ ಕನ್ನಡ ಕರಾವಳಿಯ ಅಕ್ಕಿ ಬೇಕಿತ್ತು. ಎದುರು ದಡದ ಉಳ್ಳಾಲದವರು ಅವರಿಗೆ ತಲೆಬಾಗಲಿಲ್ಲ. ಆ ರಾಣಿಯನ್ನು ನೋಡಲೇಬೇಕೆಂದು ದೆಲ್ಲಾ ವಾಲ್ಲೆ ಹುಡುಕಿಕೊಂಡು ಹೋದಾಗ ಅವಳು ಅರಮನೆಯಲ್ಲಿರಲಿಲ್ಲ; ತಾನು ತೋಡಿಸುತ್ತಿದ್ದ ನೀರಿನ ಕಾಲುವೆಗಳನ್ನು ನೋಡಲು ಹೊಲದ ಕಡೆ ಹೋಗಿದ್ದಳು. ಬರಿಗಾಲಲ್ಲಿ ಬರುತ್ತಿದ್ದ ರಾಣಿಯನ್ನು ದಾರಿಯಲ್ಲೇ ಕಂಡು ಮಾತಾಡಿದನೆಂದು ಬರೆದಿದ್ದಾನೆ. ಅವನು ಬರೆದ ಹೆಸರು ಅಬ್ಬಗದೇವಿ ಚೌಟ. ನಮ್ಮ ಅಬ್ಬಕ್ಕ! ಕುದುರೆಯ ಮೇಲೆ ಕತ್ತಿ ಹಿರಿದ ಪ್ರತಿಮೆಗಳನ್ನಷ್ಟೇ ನೋಡಿದ್ದ ಹುಡುಗಿಗೆ, ಕಾಲುವೆ ಕೆಲಸ ನೋಡಲು ಬರಿಗಾಲಲ್ಲಿ ಹೋದ ರಾಣಿ ಹೆಚ್ಚು ಹಿಡಿಸಿದಳು. “ನಮ್ಮಮ್ಮ ಕಣಕ್ಕೆ ಹೋದ ಹಾಗೆ” ಎಂದಳು.

ಈ ಪ್ರವಾಸಿ ಕಂಡ ಇನ್ನೊಂದು ನೋಟವಿದೆ. ಗೇರುಸೊಪ್ಪೆಯಿಂದ ಘಟ್ಟ ಹತ್ತಿದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣುಪು ಮರಳು ಹರಡಿ, ಪಾಠವನ್ನು ರಾಗವಾಗಿ ಹಾಡುತ್ತಾ ಬೆರಳಿನಿಂದ ಬರೆಯುತ್ತಿದ್ದರು. ಬರೆದದ್ದು ತುಂಬಿದರೆ ಅಳಿಸಿ ಮತ್ತೆ ಮರಳು. ಕಾಗದ, ಶಾಯಿಯ ಖರ್ಚಿಲ್ಲದ ಈ ಕ್ರಮ ಅವನಿಗೆ ಬಹಳ ಹಿಡಿಸಿತು. ನಾನೂರು ವರ್ಷಗಳ ಹಿಂದೆ ಯುರೋಪಿನವನೊಬ್ಬ ನಮ್ಮ ಮಕ್ಕಳನ್ನು ನಿಂತು ನೋಡಿ ಬರೆದಿಟ್ಟ ಈ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿ ಏಕಿಲ್ಲವೋ! ನನ್ನ ಜೊತೆಗಿದ್ದವರು ಸಂಜೆ ಸಮುದ್ರದಂಡೆಯಲ್ಲಿ ಮರಳ ಮೇಲೆ ಹದಿನೇಳರ ಮಗ್ಗಿ ಬರೆದರು. ಹದಿನೇಳೆಂಟಕ್ಕೆ ಬರುವಷ್ಟರಲ್ಲಿ ಅಲೆ ಬಂತು.

ಬೋಳೂರಿನ ಸುಲ್ತಾನ್ ಬತ್ತೇರಿ ಮಕ್ಕಳಿಗೆ ಹೇಳಿಮಾಡಿಸಿದ ಜಾಗ. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕಾವಲು ಬುರುಜು ಇದು. ಸಣ್ಣದು, ಹತ್ತು ನಿಮಿಷದಲ್ಲಿ ಹತ್ತಿ ಇಳಿಯಬಹುದು. ತೋಪಿನ ಕಿಂಡಿಗಳಲ್ಲಿ ಇಣುಕಬಹುದು, ಕೆಳಗಿನ ಮದ್ದಿನ ಕೋಣೆಯಲ್ಲಿ ಕೂಗಿ ದನಿ ಕೇಳಬಹುದು. ಅದೇ ವರ್ಷ ಮಾರ್ಚ್ 11ರಂದು ಮಂಗಳೂರಿನಲ್ಲಿ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಪ್ಪಂದವಾಯಿತು. ಕಂಪನಿಯ ಪ್ರತಿನಿಧಿಗಳೇ ಇಲ್ಲಿಯವರೆಗೆ ಬಂದು ಸಹಿ ಮಾಡಬೇಕಾದದ್ದು ಬ್ರಿಟಿಷರಿಗೆ ಬಹುದಿನ ಉರಿದ ಅವಮಾನ.

“ಹಾಗಾದ್ರೆ ಟಿಪ್ಪು ಒಳ್ಳೆಯವನಾ ದೊಡ್ಡಪ್ಪಾ, ಕೆಟ್ಟವನಾ? ಶಾಲೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.”

ಈ ಪ್ರಶ್ನೆ ಬಂದೇ ಬರುತ್ತದೆ. ದೊಡ್ಡವರು ತಮ್ಮ ರಾಜಕೀಯಕ್ಕೆ ತಕ್ಕಂತೆ ಅರ್ಧ ಹೇಳಿ ಇನ್ನರ್ಧ ನುಂಗುತ್ತಾರೆ. ನಾನು ಎರಡನ್ನೂ ಹೇಳಿದೆ. ಅದೇ 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ, ಈ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಹೆಂಗಸರು ಮಕ್ಕಳೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಇಗರ್ಜಿಗಳನ್ನು ಕೆಡವಿದರು. ಅನೇಕರು ದಾರಿಯಲ್ಲೂ ಸೆರೆಯಲ್ಲೂ ಸತ್ತರು. ಉಳಿದವರು ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಕಂಪನಿಯನ್ನು ಸಂಧಿಗೆ ತಂದವನೂ ಈ ಜನರನ್ನು ಸೆರೆಗೆ ಒಯ್ದವನೂ ಒಬ್ಬನೇ. ಹುಡುಗಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಮಕ್ಕಳು ಎಷ್ಟು ದಿನ ನಡೆದಿರಬಹುದು?” ಎಂದು ಕೇಳಿದಳು. ನಾವು ಕಾರಿನಲ್ಲಿ ಇಳಿದ ಘಟ್ಟದ ತಿರುವುಗಳು ಅವಳ ಕಣ್ಣಲ್ಲಿದ್ದಿರಬೇಕು.

ಬತ್ತೇರಿಯ ಬುಡದಿಂದಲೇ ತಣ್ಣೀರುಬಾವಿಗೆ ದಾಟುವ ದೋಣಿಯಿದೆ. ದೋಣಿಯವರು ಮಕ್ಕಳನ್ನು ನೋಡಿ “ಊರು ಓಲು?” ಎಂದರು. ಹುಡುಗಿಗೆ ಅರ್ಥವಾಗಲಿಲ್ಲ. ಅಷ್ಟು ಹೊತ್ತು ಹಿಂದೆ ಹಿಂದೆ ಇದ್ದ ಲೈನು ಮನೆಯ ಹುಡುಗ ತುಳುವಿನಲ್ಲಿ ಉತ್ತರ ಕೊಟ್ಟ. ದೋಣಿಯವರಿಗೆ ಆಶ್ಚರ್ಯ. ಘಟ್ಟದ ಹುಡುಗನಿಗೆ ತುಳು ಎಲ್ಲಿಂದ ಬಂತು? ಅಜ್ಜಿಯ ಕಥೆ ಹೊರಬಂತು. ದೋಣಿ ಆಚೆ ದಡ ಸೇರುವವರೆಗೆ ಅವರಿಬ್ಬರದೇ ಮಾತು. ಅಲ್ಲಿಂದ ಮುಂದೆ ಬಂದರಿನ ದಾರಿ ಕೇಳುವುದು, ಹೋಟೆಲಿನಲ್ಲಿ ಮೀನಿನ ಹೆಸರು ವಿಚಾರಿಸುವುದು, ಎಲ್ಲವೂ ಅವನ ಕೆಲಸವಾಯಿತು. ಮನೆಯೊಡೆಯರ ಮಗಳು ಅವನ ಹಿಂದೆ ನಡೆದಳು.

ಹೆಂಚಿನ ಪ್ರಶ್ನೆಗೆ ಉತ್ತರ ಎರಡನೆಯ ದಿನಕ್ಕೆ ಉಳಿದಿತ್ತು. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಮತಾಂತರವಾದವರು ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದಾಗ ಅವರ ಅನ್ನದ ಭಾರ ಮಿಷನ್ನಿನ ಮೇಲೆ ಬಿತ್ತು. ನೇಯ್ಗೆ, ಮುದ್ರಣ, ಹೆಂಚು ಹೀಗೆ ಹುಟ್ಟಿದವು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ; 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರು ಸಮಾಚಾರ’, ಅಂದರೆ ಕನ್ನಡದ ಮೊದಲ ಪತ್ರಿಕೆ. ಈಗ ನಿಮ್ಮ ಕೈಯಲ್ಲಿರುವ ಪತ್ರಿಕೆಯ ಮುತ್ತಜ್ಜ. 1894ರಲ್ಲಿ ಫರ್ಡಿನಂಡ್ ಕಿಟ್ಟೆಲ್ ಅವರ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದೂ ಮಿಷನ್ನಿನ ಈ ಮುದ್ರಣಾಲಯದಲ್ಲೇ. ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಂದೆ ಕೂಡ 1869ರಿಂದ ಕೆಲವು ವರ್ಷ ಮಂಗಳೂರಿನಲ್ಲಿದ್ದವರು.

ಹೆಂಚಿನ ಕಥೆ ಗೆಯಾರ್ಗ್ ಪ್ಲೆಬ್‌ಸ್ಟ್ ಎಂಬ ಕುಶಲಿಯದು. ಅದಕ್ಕೆ ಮೊದಲು ಇಲ್ಲಿದ್ದದ್ದು ಹುಲ್ಲಿನ ಮಾಡು, ಇಲ್ಲವೆ ಕುಂಬಾರರು ಮಾಡುವ ನಾಡಹೆಂಚು. ನಾಡಹೆಂಚನ್ನು ಒತ್ತೊತ್ತಾಗಿ ಹೊದಿಸಬೇಕು, ಭಾರ ಹೆಚ್ಚು, ಮಂಗ ಓಡಾಡಿದರೆ ಮುಗಿಯಿತು. ಒಂದರೊಳಗೊಂದು ಕೂರುವ ಚಪ್ಪಟೆ ಹೆಂಚು ಫ್ರಾನ್ಸಿನಲ್ಲಿ 1840ರ ದಶಕದಲ್ಲಿ ಹುಟ್ಟಿತ್ತು. ನೇತ್ರಾವತಿ ಮತ್ತು ಗುರುಪುರ ದಡದ ಜೇಡಿ ಮಣ್ಣು ಅದಕ್ಕೆ ಒದಗುತ್ತದೆಂದು ಕಂಡುಕೊಂಡು, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್‌ಸ್ಟ್ ಕಾರ್ಖಾನೆ ಹಾಕಿದ. ಮೊದಲು ಎತ್ತು ಕಟ್ಟಿ ಮಣ್ಣು ಅರೆಯುತ್ತಿದ್ದರು, ಆಮೇಲೆ ಉಗಿಯಂತ್ರ ಬಂತು. ನೋಡುತ್ತಿದ್ದ ಊರಿನವರೂ ಕಲಿತರು. ನದಿಯ ದಡದಲ್ಲಿ ಕಾರ್ಖಾನೆಗಳ ಸಾಲೇ ಎದ್ದಿತು. ಮಂಗಳೂರು ಹೆಂಚು ಸಿಲೋನ್, ಪೂರ್ವ ಆಫ್ರಿಕಾಗಳಿಗೂ ಹೋಯಿತು. ಮೊದಲ ಮಹಾಯುದ್ಧ ಬಂದಾಗ ಮಿಷನ್ನಿನ ಜರ್ಮನರು ಶತ್ರುಗಳಾದರು. ಆಸ್ತಿಯನ್ನು ಸರಕಾರ ವಶಪಡಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈ ಸೇರಿದವು.

ಕಾರ್ಖಾನೆ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಿದ್ದೆ. ಕೊಟ್ಟ ಮಾತು ಉಳಿಸಿಕೊಳ್ಳುವುದು ಸುಲಭವಾಗಲಿಲ್ಲ. ತಾರಸಿ ಮನೆ ಬಂದ ಮೇಲೆ ಹೆಂಚಿಗೆ ಗಿರಾಕಿಯಿಲ್ಲ, ಮಣ್ಣಿಗೂ ಅಭಾವ; ಒಂದೊಂದಾಗಿ ಕಾರ್ಖಾನೆಗಳು ಮುಚ್ಚಿದವು. ಚಿಮಣಿ ಇದ್ದಲ್ಲಿ ವಸತಿ ಸಮುಚ್ಚಯಗಳೆದ್ದಿವೆ. ಹೊಯಿಗೆ ಬಜಾರಿನ ಕಡೆ ಅಲೆದು, ಪಾಳುಬಿದ್ದ ಒಂದು ಆವರಣದ ಗೋಡೆಯಾಚೆ ಹುಲ್ಲು ಬೆಳೆದ ಚಿಮಣಿಯೊಂದನ್ನು ತೋರಿಸಿದೆ. ಗೋಡೆಯ ಬುಡದಲ್ಲಿ ಬಿದ್ದಿದ್ದ ಹೆಂಚಿನ ಚೂರನ್ನು ಹುಡುಗಿ ಎತ್ತಿಕೊಂಡಳು. ಅದರಲ್ಲಿ ಉಳಿದದ್ದು ಎರಡೇ ಅಕ್ಷರ. ದೂರದ ಬಾಸೆಲ್‌ನ ದಾಖಲಾತಿ ಸಂಗ್ರಹದಲ್ಲಿ ಈ ಕಾರ್ಖಾನೆಗಳ ಹಳೆಯ ಭಾವಚಿತ್ರಗಳು ಜೋಪಾನವಾಗಿವೆ. ಬತ್ತೇರಿಗೆ ನಾಮಫಲಕವಿದೆ, ಪ್ರತಿಮೆಗಳಿಗೆ ಹಾರವಿದೆ. ಅರ್ಧ ನಾಡಿಗೆ ಮಾಡು ಕೊಟ್ಟ ಕೆಲಸದ ಒಂದು ಗೂಡನ್ನಾದರೂ, ಒಂದು ಕಾಫಿ ಗೋದಾಮನ್ನಾದರೂ ಮಕ್ಕಳಿಗೆ ತೋರಿಸಲೆಂದು ಉಳಿಸಿಕೊಳ್ಳಬಾರದೆ? ಅದಕ್ಕೆ ಬೇಕಾದ ಜಾಗ ಒಂದು ವಾಹನ ನಿಲ್ದಾಣಕ್ಕಿಂತ ಹೆಚ್ಚೇನೂ ಅಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಚಾವಣಿಗಳನ್ನು 1899ರಿಂದ 1901ರವರೆಗೆ ಇಟಲಿಯ ಆಂತೋನಿಯೊ ಮೊಸ್ಕೇನಿ ಚಿತ್ರಗಳಿಂದ ತುಂಬಿದ. ಕತ್ತೆತ್ತಿ ನೋಡಿ ಮಕ್ಕಳಿಗೆ ಕುತ್ತಿಗೆ ನೋವು ಬಂತು. ಚಿತ್ರದ ಹೂಬಳ್ಳಿಗಳನ್ನು ಉಬ್ಬುಶಿಲ್ಪವೆಂದೇ ನಂಬಿ ವಾದ ಮಾಡಿದರು. ಬಿಜೈಯಲ್ಲಿ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯದ ಕಟ್ಟಡವೇ ಹಡಗಿನ ಆಕಾರದ್ದು. ಒಳಗಿನ ವಸ್ತುಗಳಿಗಿಂತ ಅದೇ ಅವರಿಗೆ ಇಷ್ಟವಾಯಿತು. ಬಾವುಟಗುಡ್ಡೆಯಲ್ಲಿ ಮಾತ್ರ ಐದು ನಿಮಿಷ ನಿಲ್ಲಿಸಿ, 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಬಂದ ರೈತರು ಕಂಪನಿಯ ಕಂದಾಯದ ವಿರುದ್ಧ ಎದ್ದು ಇಲ್ಲಿ ತಮ್ಮ ಬಾವುಟ ಹಾರಿಸಿದರೆಂದೂ, ಹದಿಮೂರು ದಿನ ಈ ಊರು ಅವರ ಕೈಯಲ್ಲಿತ್ತೆಂದೂ ಹೇಳಿದೆ. ಕುದ್ರೋಳಿಯಲ್ಲಿ ದಸರೆಯ ಹುಲಿವೇಷದ ತಾಸೆ ಶುರುವಾದ ಮೇಲೆ ನನ್ನ ಇತಿಹಾಸ ಯಾರಿಗೂ ಬೇಕಾಗಲಿಲ್ಲ. ಗಡ್‌ಬಡ್ ಐಸ್‌ಕ್ರೀಮ್ ಆಯಿತು. ಪಿಲಿಕುಳದ ತಾರಾಲಯವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡೆವು. ಹೋಗುವವರಿಗೆ ಒಂದೇ ಎಚ್ಚರಿಕೆ: ಗಿರಿಯ ಮಕ್ಕಳಿಗೆ ಕರಾವಳಿಯ ಸೆಕೆ ತಡೆಯದು, ನಡುಹಗಲು ನೆರಳಲ್ಲಿರಲಿ, ಮಳೆಗಾಲದಲ್ಲಿ ಕಡಲ ನೀರಿಗೆ ಇಳಿಸುವ ಯೋಚನೆಯೇ ಬೇಡ.

ಕೊನೆಯ ಸಂಜೆ ತಣ್ಣೀರುಬಾವಿಯ ದಡದಲ್ಲಿ ಕೂತಿದ್ದೆವು. ದೂರದಲ್ಲಿ ಎರಡು ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಕಾಯುತ್ತಾ ನಿಂತಿದ್ದವು. 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರಾದ ಅಲ್ಲಿಗೆ ಈಗ ಕಾಫಿ ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಕೊಂಡೇ ಹೋಗುತ್ತದೆ. ಮೂಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹುಡುಗ ಬಗ್ಗಿ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಗುಳಿದ. ಆಮೇಲೆ ಖಾಲಿ ಬಾಟಲಿಗೆ ಸಮುದ್ರದ ನೀರು ತುಂಬಿ ಮುಚ್ಚಳ ಬಿಗಿದ. ಅಜ್ಜಿಗೆ ಎಂದ.

ಅತ್ತಿಗುಂಡಿಗೆ ಮರಳಿದ ದಿನ ನಾನೂ ಅವನ ಜೊತೆ ಲೈನು ಮನೆಗೆ ಹೋದೆ. ಅಜ್ಜಿ ಬಾಟಲಿಯ ಮುಚ್ಚಳ ತೆಗೆದು ಮೂಸಿ, ಹಾಗೆಯೇ ಕಿಟಕಿಯ ಮೇಲಿಟ್ಟರು. ಕೋಟೆಯ ವಿಷಯವಾಗಲಿ ಹಡಗಿನ ವಿಷಯವಾಗಲಿ ಕೇಳಲಿಲ್ಲ. ಬಂಟ್ವಾಳದ ಸೇತುವೆಯ ಕೆಳಗೆ ಹೊಳೆಯಲ್ಲಿ ನೀರು ಎಷ್ಟಿತ್ತು ಎಂದು ಕೇಳಿದರು. ಹುಡುಗ ಎರಡು ಕೈ ಅಗಲಿಸಿ ತೋರಿಸಿದ.